ಯಾರಿಗಂದ್ರಿ ಈ ಮಾತು?

ಒಂದು ಮಾತು ಗಾದೆಯೋ ಸೂಕ್ತಿಯೋ ಎಂದು ತಿಳಿಯಲು ಎಕಂಬಾದವರು ನಿಘಂಟು ತೆಗೆಯುವುದಿಲ್ಲ. ಕಟ್ಟೆಯ ಮೇಲೆ ಆ ಮಾತು ಆಡಿ ನೋಡುತ್ತಾರೆ. ಕೂತವರೆಲ್ಲ ತಲೆಯಾಡಿಸಿ ‘ಖರೇ ಅದ ಬಿಡ್ರಿ, ದೊಡ್ಡ ಮಾತು’ ಎಂದು ಮತ್ತೆ ಅಡಿಕೆ ಚೂರಿಗೆ ಕೈಹಾಕಿದರೆ ಅದು ಸೂಕ್ತಿ. ಎಲ್ಲರೂ ತಲೆಯಾಡಿಸುವಾಗ ಒಬ್ಬ ಮಾತ್ರ ಸುಮ್ಮನಿದ್ದು, ಹೆಗಲ ಮೇಲಿನ ಟವೆಲ್ ಕೊಡವಿ ಎದ್ದು, ‘ಕಾಕಾ, ಯಾರಿಗಂದ್ರಿ ಈ ಮಾತು?’ ಎಂದು ಕೇಳಿದರೆ ಅದು ಗಾದೆ. ಉತ್ತರ ಹೇಳುವ ಗೋಜೂ ಕಾಕಾನಿಗಿಲ್ಲ. ಯಾವನು ಕೇಳಿದನೋ ಅವನಿಗೇ ಅಂದದ್ದು.

ಎಕಂಬಾ ಎಲ್ಲಿದೆ ಎನ್ನುವವರಿಗೆ ಗುರುತು ಹೇಳಿಬಿಡುತ್ತೇನೆ. ಕರ್ನಾಟಕದ ನಕಾಶೆಯನ್ನು ಗೋಡೆಗೆ ತೂಗುಹಾಕಿ, ಸ್ಟೂಲ್ ಹತ್ತಿ, ತುತ್ತತುದಿಗೆ ಬೆರಳಿಡಿ. ಅದು ಬೀದರ ಜಿಲ್ಲೆಯ ಔರಾದ ತಾಲೂಕು. ಬೆರಳು ಒಂದು ಕಡೆ ಜಾರಿದರೆ ಮಹಾರಾಷ್ಟ್ರ, ಇನ್ನೊಂದು ಕಡೆ ಜಾರಿದರೆ ತೆಲಂಗಾಣ. ಜಾರದೆ ನಿಂತ ಜಾಗದಲ್ಲಿ ಎಕಂಬಾ ಮತ್ತು ಅದರ ನೆರೆಯ ಊರುಗಳಿವೆ. ಇಲ್ಲಿ ಬೆಳಿಗ್ಗೆ ಹಾಲು ಹಾಕುವವನ ಜೊತೆ ಮರಾಠಿ, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ಬೀಗರು ಆಚೆ ಕಡೆಯವರಾದರೆ ರಾತ್ರಿ ಊಟಕ್ಕೆ ತೆಲುಗು. ನಾಲ್ಕು ಭಾಷೆಯಲ್ಲಿ ಬೈಸಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಗಾದೆಯ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಊರು ನನಗೆ ಹೊಳೆಯಲಿಲ್ಲ.

ಶಾಲೆಯಲ್ಲಿ ನಮಗೆ ಕಲಿಸಿದ ಗಾದೆಯ ವಿಚಾರವೇ ಬೇರೆ. ಹತ್ತನೇ ತರಗತಿಯ ಕನ್ನಡ ಪತ್ರಿಕೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೆ ಬೀದರದಿಂದ ಚಾಮರಾಜನಗರದವರೆಗೆ ಉತ್ತರವೂ ಒಂದೇ. ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಇವು ಹಿರಿಯರ ಅನುಭವದ ನುಡಿಗಳು, ಅಂತಹ ಗಾದೆಗಳಲ್ಲಿ ಇದೂ ಒಂದು. ಇಷ್ಟಕ್ಕೇ ಅರ್ಧ ಅಂಕ ಜೇಬಿಗೆ ಬಿದ್ದಂತೆ. ಕೊನೆಗೆ ‘ಆದ್ದರಿಂದ ನಾವೆಲ್ಲರೂ ಈ ಗಾದೆಯಂತೆ ನಡೆಯಬೇಕು’ ಎಂದು ಮುಗಿಸಿದರೆ ಉಳಿದರ್ಧ. ‘ಕೈ ಕೆಸರಾದರೆ ಬಾಯಿ ಮೊಸರು’ ಬಂದರೆ ಈ ಮುಕ್ತಾಯ ನಡೆಯುತ್ತದೆ. ‘ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ’ ಬಂದರೆ? ಹುಡುಗರು ಅದಕ್ಕೂ ಹಾಗೆಯೇ ಬರೆಯುತ್ತಾರೆ. ಯಾರಂತೆ ನಡೆಯಬೇಕಪ್ಪಾ, ಕತ್ತೆಯಂತೆಯೋ ಕಸ್ತೂರಿಯಂತೆಯೋ ಎಂದು ಮೌಲ್ಯಮಾಪಕರೂ ಕೇಳುವುದಿಲ್ಲ, ಅಂಕ ಕೊಟ್ಟು ಮುಂದಿನ ಪತ್ರಿಕೆ ಎತ್ತಿಕೊಳ್ಳುತ್ತಾರೆ.

ತಪ್ಪು ಹುಡುಗರದ್ದಲ್ಲ. ಗಾದೆಯನ್ನು ಸೂಕ್ತಿಯೆಂದು ತಿಳಿದು ಪಾಠ ಮಾಡಿದವರದ್ದು. ಸೂಕ್ತಿಯಂತೆ ನಡೆಯಬಹುದು, ನಡೆಯದೆಯೂ ಇರಬಹುದು, ಎರಡಕ್ಕೂ ಅವಕಾಶವಿದೆ. ಗಾದೆಯಂತೆ ನಡೆಯುವ ಪ್ರಶ್ನೆಯೇ ಇಲ್ಲ. ನಾವು ಆಗಲೇ ನಡೆದುಬಿಟ್ಟಿರುತ್ತೇವೆ. ಅದನ್ನು ನೋಡಿದ ಪಕ್ಕದ ಮನೆಯ ಕಾಕು ನಮ್ಮ ನಡಿಗೆಗೆ ಒಂದು ಗಾದೆ ಅಂಟಿಸುತ್ತಾಳೆ.

ನಿಘಂಟು ತೆಗೆದರೆ ಇನ್ನೂ ಮಜಾ. ಗಾದೆ ಎಂದರೆ ನಾಣ್ಣುಡಿ ನೋಡಿ ಎನ್ನುತ್ತದೆ, ನಾಣ್ಣುಡಿಗೆ ಹೋದರೆ ಲೋಕೋಕ್ತಿಯ ಮನೆ ತೋರಿಸುತ್ತದೆ, ಅಲ್ಲಿಂದ ಮತ್ತೆ ಗಾದೆಯ ಮನೆಗೆ. ಸರಕಾರಿ ಕಚೇರಿಯಲ್ಲಿ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಅಲೆದವರಿಗೆ ಈ ಪ್ರಯಾಣ ಹೊಸದೇನೂ ಅನಿಸದು. ನಮ್ಮವರನ್ನಷ್ಟೇ ಆಡಿಕೊಳ್ಳುವುದು ಬೇಡ. ಅಮೆರಿಕದ ಆರ್ಚರ್ ಟೇಲರ್ ಎಂಬ ವಿದ್ವಾಂಸರು 1931ರಲ್ಲಿ ಗಾದೆಯ ಮೇಲೆಯೇ ಒಂದು ಪುಸ್ತಕ ಬರೆದರು, ಇಂದಿಗೂ ಗಾದೆ ಓದುವವರು ಅಲ್ಲಿಂದಲೇ ಶುರುಮಾಡುತ್ತಾರೆ. ಆ ಪುಸ್ತಕದ ಆರಂಭದಲ್ಲಿಯೇ ಅವರು ಕೈಚೆಲ್ಲಿದರು. ಗಾದೆಗೆ ವ್ಯಾಖ್ಯೆ ಕೊಡುವುದು ಆಗದ ಕೆಲಸ, ಯಾವುದು ಗಾದೆ ಯಾವುದಲ್ಲ ಎಂಬುದು ಬಲ್ಲವರಿಗೆ ತಾನಾಗಿ ಗೊತ್ತಾಗುತ್ತದೆ ಅಷ್ಟೇ ಎಂಬರ್ಥದ ಮಾತು ಹೇಳಿ ಇನ್ನೂರಕ್ಕೂ ಹೆಚ್ಚು ಪುಟ ಮುಂದುವರಿದರು. ಟೇಲರ್ ಸಾಹೇಬರು ಒಂದು ಸಂಜೆ ಎಕಂಬಾದ ಕಟ್ಟೆಗೆ ಬಂದು ಕೂತಿದ್ದರೆ ಆ ಕಷ್ಟ ತಪ್ಪುತ್ತಿತ್ತು. ಟವೆಲ್ ಕೊಡವಿ ಎದ್ದವನನ್ನು ತೋರಿಸಿ, ‘ಅಲ್ಲಿ ನೋಡ್ರಿ ಸಾಹೇಬ್ರ, ವ್ಯಾಖ್ಯಾನ ಎದ್ದು ಹೊಂಟಾದ’ ಎಂದು ಹೇಳಬಹುದಿತ್ತು.

ಸೂಕ್ತಿಗೆ ಅಪ್ಪ ಇರುತ್ತಾನೆ. ಫ್ರಾನ್ಸಿನ ಲಾ ರೋಶ್‌ಫುಕೊ ಎಂಬ ಡ್ಯೂಕ್ 1665ರಲ್ಲಿ ತನ್ನ ಸೂಕ್ತಿಗಳ ಪುಸ್ತಕ ತಂದ. ಮನುಷ್ಯನ ಒಳ್ಳೆಯತನದ ಅಡಿಯಲ್ಲಿ ಕೂತ ಸ್ವಾರ್ಥವನ್ನು ಒಂದೊಂದೇ ಸಾಲಿನಲ್ಲಿ ಹೊರಗೆಳೆದು ತೋರಿಸುವುದು ಅವನ ಕಸುಬು. ಬರೆದ, ತಿದ್ದಿದ, ಮತ್ತೆ ತಿದ್ದಿದ, ಕೊನೆಯ ಆವೃತ್ತಿಯ ಹೊತ್ತಿಗೆ ಐನೂರರ ಆಸುಪಾಸಿಗೆ ತಂದು ನಿಲ್ಲಿಸಿದ. ಗಾದೆಯನ್ನು ಹೀಗೆ ಯಾರೂ ಕೂತು ತಿದ್ದುವುದಿಲ್ಲ. ಬಾಯಿಂದ ಬಾಯಿಗೆ ಉರುಳಿ ತಾನೇ ನುಣ್ಣಗಾಗುತ್ತದೆ. ಮೊದಲು ಹೇಳಿದವರು ಯಾರೆಂದು ಕೇಳಿದರೆ ‘ಹಿರಿಯರು’ ಎಂಬ ಉತ್ತರ ಸಿದ್ಧವಿದೆ. ಆ ಹಿರಿಯರನ್ನು ನೋಡಿದವರಿಲ್ಲ, ಅವರ ಫೋಟೊ ಇಲ್ಲ, ಆಧಾರ್ ಕಾರ್ಡ್ ಮೊದಲೇ ಇಲ್ಲ.

ಈ ಅಪ್ಪನಿಲ್ಲದ ಗುಣವೇ ಮನೆಯೊಳಗೆ ಗಾದೆಗೆ ಬಲ. ಸೊಸೆ ಅತ್ತೆಯ ಎದುರು ನೇರವಾಗಿ ‘ನಿಮಗ ಬರೂದಿಲ್ಲ’ ಎಂದರೆ ಅಂದು ರಾತ್ರಿ ತವರಿಗೆ ಫೋನು ಹೋಗುತ್ತದೆ. ಅದೇ ಸೊಸೆ ರೊಟ್ಟಿ ಬಡಿಯುತ್ತ, ಕಣ್ಣು ಹಂಚಿನ ಮೇಲೆಯೇ ಇಟ್ಟು, ‘ಕುಣೀಲಾರದಾಕಿ ನೆಲ ಡೊಂಕು ಅಂದಳಂತ’ ಎಂದರೆ? ಅಂದವಳು ಸೊಸೆಯಲ್ಲ. ಅಂದವಳು ಯಾವಳೋ ಕುಣಿಯಲಾರದವಳು. ಅದನ್ನು ಹೇಳಿದವರು ಯಾರೋ ಹಿರಿಯರು. ಸೊಸೆ ಬರೇ ವರದಿಗಾರ್ತಿ. ಕೊನೆಯಲ್ಲಿ ಕೂತ ಆ ‘ಅಂತ’ ನೋಡಿ, ಅದೇ ಅವಳ ನಿರೀಕ್ಷಣಾ ಜಾಮೀನು. ಅತ್ತೆಯೂ ಕಡಿಮೆಯವಳಲ್ಲ. ಅವಳು ಬೆಕ್ಕನ್ನು ಎತ್ತಿ ಹೊರಗೆ ಬಿಡುತ್ತ, ‘ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ’ ಎಂದು ಬೆಕ್ಕಿಗೆ ಹೇಳುತ್ತಾಳೆ. ಇಬ್ಬರೂ ಹೊಡೆದಾಡಿದರು, ಇಬ್ಬರೂ ಮಾತಾಡಲಿಲ್ಲ, ಊಟಕ್ಕೆ ಕೂತ ಗಂಡಸಿಗೆ ಏನಾಯಿತೆಂದೇ ತಿಳಿಯಲಿಲ್ಲ.

ಮರಾಠಿಯವರು ಈ ವಿದ್ಯೆಗೇ ಒಂದು ಗಾದೆ ಮಾಡಿ ಇಟ್ಟಿದ್ದಾರೆ: ‘ಲೇಕಿ ಬೋಲೆ, ಸುನೇ ಲಾಗೆ.’ ಅಂದದ್ದು ಮಗಳಿಗೆ, ತಾಗಿದ್ದು ಸೊಸೆಗೆ. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿಯೂ ಇದನ್ನು ಮರಾಠಿಯಲ್ಲಿಯೇ ಹೇಳುತ್ತಾರೆ. ಗಾದೆಯ ಬಗ್ಗೆ ಇಡೀ ಜಗತ್ತಿನ ಪಂಡಿತರು ಬರೆದದ್ದನ್ನು ಈ ನಾಲ್ಕು ಶಬ್ದ ನುಂಗಿ ಕೂತಿವೆ ಎಂಬುದು ನನ್ನ ನಂಬಿಕೆ.

ಮರಾಠಿ ಗಾದೆ ಕನ್ನಡದ ಒಲೆಯ ಮುಂದೆ ಹೇಗೆ ಬಂತು ಎನ್ನುತ್ತೀರಾ? ಬರಲಿಲ್ಲ, ಇಲ್ಲೇ ಇತ್ತು. ನಿಜಾಮನ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ಅದನ್ನು ಪಾಲು ಮಾಡಿದರು. ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ, ನಾರಾಯಣಖೇಡ ಆಂಧ್ರಪ್ರದೇಶಕ್ಕೆ ಹೋದವು, ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ ಬಂದವು. ಹೊಲ, ಕಚೇರಿ, ಕಡತ, ಕುರ್ಚಿ ಎಲ್ಲ ಹಂಚಿದರು. ಗಾದೆ ಹಂಚುವ ಗುಮಾಸ್ತ ಸಿಗಲಿಲ್ಲವೋ ಏನೋ, ಅವನ್ನು ಹಾಗೇ ಬಿಟ್ಟರು. ಬೀಗತನವೂ ಎತ್ತಿನ ಸಂತೆಯೂ ಗಡಿ ನೋಡಲಿಲ್ಲ, ಅವುಗಳ ಬೆನ್ನಿಗೆ ಬಿದ್ದ ಗಾದೆಗಳೂ ನೋಡಲಿಲ್ಲ.

ಆದರೆ ಗಡಿ ದಾಟುವಾಗ ಗಾದೆ ಸಾಮಾನು ಬದಲಾಯಿಸುತ್ತದೆ. ನಮ್ಮ ಕುಣಿಯಲಾರದವಳಿಗೆ ನೆಲ ಡೊಂಕು. ಮರಾಠಿಯವಳಿಗೂ ಉರ್ದುವಿನವಳಿಗೂ ಅಂಗಳ ಡೊಂಕು. ತೆಲುಗಿನವಳು ನೆಲದ ತಂಟೆಗೇ ಹೋಗುವುದಿಲ್ಲ, ಮದ್ದಲೆ ಒಡಕು ಎಂದುಬಿಡುತ್ತಾಳೆ. ಅವಳದೇ ಜಾಣತನ ಎನ್ನಬೇಕು, ನೆಲದ ಡೊಂಕನ್ನು ಯಾರು ಬೇಕಾದರೂ ನೋಡಿ ಹೇಳಬಹುದು, ಮದ್ದಲೆಯ ಒಡಕು ಹೇಳಲು ಬಲ್ಲವರೇ ಬೇಕು. ಕತ್ತೆಯ ವಿಷಯಕ್ಕೆ ಬನ್ನಿ. ನಮ್ಮ ಕತ್ತೆಗೆ ಕಸ್ತೂರಿ ಗೊತ್ತಿಲ್ಲ, ತೆಲುಗಿನ ಕತ್ತೆಗೆ ಗಂಧದ ಚೆಕ್ಕೆ ಗೊತ್ತಿಲ್ಲ, ಮರಾಠಿಯ ಕತ್ತೆಗೆ ಬೆಲ್ಲದ ರುಚಿ ಗೊತ್ತಿಲ್ಲ. ಹಿಂದಿ-ಉರ್ದುವಿನಲ್ಲಿ ಕತ್ತೆ ರಜೆ ಹಾಕಿದೆ, ಅದರ ಬದಲು ಮಂಗ ಬಂದು ಹಸಿಶುಂಠಿಯ ಸ್ವಾದ ತಿಳಿಯದೆ ಕೂತಿದೆ. ಕಸ್ತೂರಿಯನ್ನು ಎಕಂಬಾದಲ್ಲಿ ಕತ್ತೆಯಷ್ಟೇ ಅಲ್ಲ, ಕತ್ತೆಯ ಮಾಲೀಕನೂ ನೋಡಿಲ್ಲ. ಆ ಮಟ್ಟಿಗೆ ಬೆಲ್ಲದ ಗಾದೆಯೇ ನಮ್ಮ ಊರಿಗೆ ನ್ಯಾಯವಾದದ್ದು. ಕಬ್ಬಿದೆ, ಬೆಲ್ಲವಿದೆ, ಉಳಿದದ್ದಕ್ಕೂ ಕೊರತೆಯಿಲ್ಲ.

ಇನ್ನು ತಲೆಗೆ ಹತ್ತದವನಿಗೆ ಬುದ್ಧಿ ಹೇಳುವ ಕಷ್ಟ. ಕನ್ನಡದಲ್ಲಿ ಕೋಣನ ಮುಂದೆ ಕಿನ್ನರಿ ಬಾರಿಸುತ್ತೇವೆ. ಉರ್ದುವಿನಲ್ಲಿ ಎಮ್ಮೆಯ ಮುಂದೆ ಪುಂಗಿ ಊದುತ್ತಾರೆ. ತೆಲುಗಿನಲ್ಲಿ ಕಿವುಡನ ಮುಂದೆ ಶಂಖ. ಮೂರರಲ್ಲಿಯೂ ಪಾಪ ಕೇಳುವವನು ಬಾಯಿಬಿಡುವುದಿಲ್ಲ. ಮರಾಠಿಯಲ್ಲಿ ಮಾತ್ರ ಕತ್ತೆಯ ಮುಂದೆ ಗೀತೆ ಓದಿದರು, ಕತ್ತೆ ಪೂರ್ತಿ ಕೇಳಿ ಅಭಿಪ್ರಾಯ ಕೊಟ್ಟಿತು: ‘ಕಾಲಚಾ ಗೋಂಧಳ ಬರಾ ಹೋತಾ’, ನಿನ್ನೆಯ ಗದ್ದಲವೇ ವಾಸಿಯಿತ್ತು. ನಾಲ್ಕರಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡಲು ಹೇಳಿದರೆ, ಕನ್ನಡಾಭಿಮಾನವನ್ನು ಒಂದು ಕ್ಷಣ ಗೂಟಕ್ಕೆ ತೂಗುಹಾಕಿ, ಮರಾಠಿ ಕತ್ತೆಗೇ ಬಹುಮಾನ ಕೊಡುತ್ತೇನೆ. ವಿಮರ್ಶಕನೆಂದರೆ ಅದು.

ಮೇಲೆ ಹೇಳಿದ್ದರಲ್ಲಿ ಒಂದು ಕಳ್ಳಸಾಗಣೆಯಾಗಿದೆ, ಚುರುಕಾದ ಓದುಗರು ಹಿಡಿದಿರುತ್ತಾರೆ. ‘ಕೋಣನ ಮುಂದೆ ಕಿನ್ನರಿ’ ನಿಜವಾಗಿ ಗಾದೆಯಲ್ಲ, ನುಡಿಗಟ್ಟು. ಗಾದೆ ತನ್ನ ಕಾಲ ಮೇಲೆ ನಿಲ್ಲುವ ಪೂರ್ಣ ಮಾತು, ನುಡಿಗಟ್ಟಿಗೆ ಆಡುವವನು ಕರ್ತೃವನ್ನೂ ಕ್ರಿಯಾಪದವನ್ನೂ ಹೊಂದಿಸಿ ಕೊಡಬೇಕು. ವ್ಯಾಕರಣದ ಮಾಸ್ತರರು ಇದಕ್ಕೆ ಒಂದು ತಾಸು ತೆಗೆದುಕೊಳ್ಳುತ್ತಾರೆ, ನಾವು ಇಷ್ಟರಲ್ಲೇ ಬಿಡೋಣ. ಕಿನ್ನರಿ ಕೇಳುವ ಕೋಣ ಯಾರೆಂದು ಗೊತ್ತಾದರೆ ಅದೂ ಗಾದೆಯಷ್ಟೇ ಉರಿಯುತ್ತದೆ.

ಸಂಸ್ಕೃತ ಬಲ್ಲವರ ಬಳಿ ‘ನ್ಯಾಯ’ ಎಂಬ ಇನ್ನೊಂದು ಸಂತತಿಯಿದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಕತಾಲೀಯ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗಳು ಹಿಸುಕಿದರೆ ಸಾಕೆಂಬುದು ಸ್ಥಾಲೀಪುಲಾಕ. ಇವು ತರ್ಕ ಮಾಡುವವರ ಆಯುಧಗಳು, ಸೊಗಸಾಗಿವೆ. ಆದರೆ ಈ ಎರಡನೆಯದು ಅನ್ನ ಉಣ್ಣುವ ನಾಡಿನದ್ದು ಎಂಬುದನ್ನು ಗಮನಿಸಬೇಕು. ರೊಟ್ಟಿ ತಿನ್ನುವ ಬೀದರದಲ್ಲಿ ಅದು ನಡೆಯುವುದಿಲ್ಲ. ಹಂಚು ಕಾಯುವ ಮೊದಲು ಬಿದ್ದ ಮೊದಲ ರೊಟ್ಟಿ ಹೇಗೂ ಕೆಡುತ್ತದೆ, ಅದನ್ನು ನೋಡಿ ಉಳಿದ ರೊಟ್ಟಿಯ ತೀರ್ಪು ಕೊಟ್ಟವನು ಉಪವಾಸ ಮಲಗುತ್ತಾನೆ. ನಮ್ಮ ಆಯಿಯಂಥವರು ಮೊದಲ ರೊಟ್ಟಿಯನ್ನು ದನಕ್ಕೋ ನಾಯಿಗೋ ಹಾಕಿ ಎರಡನೆಯದರಿಂದ ಎಣಿಕೆ ಶುರುಮಾಡುತ್ತಿದ್ದರು.

ಮಳೆಯ ಮಾತುಗಳದ್ದು ಮತ್ತೊಂದು ಜಾತಿ. ‘ರೋಹಿಣಿ ಮಳಿಗಿ ಓಣಿಯೆಲ್ಲಾ ಜ್ವಾಳ’ ಎನ್ನುವಾಗ ಯಾರನ್ನೂ ಚುಚ್ಚುವ ಉದ್ದೇಶವಿಲ್ಲ. ಮೇ ತಿಂಗಳ ಕೊನೆಯ ವಾರಕ್ಕೆ ರೋಹಿಣಿ ಹಿಡಿಯುತ್ತದೆ, ಆಗ ಹದವಾಗಿ ಬಿದ್ದರೆ ಬಿತ್ತು, ಜೋಳ ಕೈಹಿಡಿಯುತ್ತದೆ ಎಂಬ ಲೆಕ್ಕ. ಪಂಚಾಂಗ ಓದಲು ಬಾರದವರ ಪಂಚಾಂಗವಿದು. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ, ಒಂದೊಂದಕ್ಕೂ ಒಂದು ಮಾತು, ಅದು ಬಾಯಿಪಾಠವಾದರೆ ಒಕ್ಕಲುತನದ ಕ್ಯಾಲೆಂಡರ್ ತಲೆಯಲ್ಲೇ. ಇದನ್ನು ಗಾದೆಗಳ ಸಂಗ್ರಹದಲ್ಲಿ ಸೇರಿಸುತ್ತಾರೆ, ಸೇರಿಸಲಿ. ಆದರೆ ಇವುಗಳಲ್ಲಿಯೂ ಒಂದೊಂದು ಸಮಯ ನೋಡಿ ವೇಷ ಬದಲಿಸುತ್ತವೆ. ‘ಮಘಾ ಮಳಿ ಬಂದಷ್ಟೂ ಚಲೋ, ಮನಿ ಮಗ ಉಂಡಷ್ಟೂ ಚಲೋ’ ಎಂಬುದು ಆಗಸ್ಟ್ ತಿಂಗಳಲ್ಲಿ ಹೊಲದ ಬದುವಿನ ಮೇಲೆ ಹೇಳಿದರೆ ಹವಾಮಾನ. ಅದನ್ನೇ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮಗ ಆರನೇ ರೊಟ್ಟಿಗೆ ಕೈಚಾಚಿದಾಗ ಅಪ್ಪ ಹೇಳಿದರೆ? ಮಗ ತಾಟು ಬಿಟ್ಟು ಏಳುತ್ತಾನೆ. ಮಾತು ಅದೇ, ಅಕ್ಷರ ಬದಲಾಗಿಲ್ಲ, ಮಳೆಯ ಮಾತು ಗಾದೆಯಾಯಿತು.

ಈಗ ಔರಾದ ಕಡೆ ಮುಂಗಾರಿಗೆ ಜೋಳ ಹುಡುಕಬೇಕು. ಹೆಸರು, ಉದ್ದು, ತೊಗರಿ ಇವೆ, ಅವನ್ನೆಲ್ಲ ಹಿಂದೆ ಸರಿಸಿ ಸೋಯಾಬೀನ್ ಹಬ್ಬಿ ಕೂತಿದೆ. ಊರಿನ ಸಾಲ, ಮದುವೆ, ಮೋಟಾರ್ ಸೈಕಲ್ಲು ಎಲ್ಲ ಅದರ ಮೇಲೆಯೇ ನಿಂತಿವೆ. ಆದರೆ ಸೋಯಾಬೀನಿನ ಮೇಲೆ ಒಂದೇ ಒಂದು ಗಾದೆಯನ್ನು ನಾನು ಕೇಳಿಲ್ಲ. ಜೋಳವನ್ನು ಜನ ತಿಂದರು, ಅದಕ್ಕೇ ಅದು ಬಾಯಲ್ಲಿ ಉಳಿಯಿತು. ಸೋಯಾಬೀನ್ ರಾಶಿಯಾದ ವಾರವೇ ಲಾರಿ ಹತ್ತಿ ಹೋಗುತ್ತದೆ, ಬಾಯಿಗೆ ಬರುವುದು ಎಣ್ಣೆಯ ಪಾಕೀಟಾಗಿ. ಪಾಕೀಟಿನ ಮೇಲೆ ಕಂಪನಿಯ ಘೋಷವಾಕ್ಯ ಇರುತ್ತದೆ, ಅದು ಬೇರೆ ಜಾತಿ, ಅದರ ಹಕ್ಕುಗಳೆಲ್ಲ ಕಾಯ್ದಿರಿಸಲ್ಪಟ್ಟಿವೆ.

ಅಂಗಡಿಯ ಬೋರ್ಡುಗಳನ್ನು ಮರೆಯುವುದುಂಟೇ? ಕಾಕಾನ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂದು ತಗಡಿನ ಹಲಗೆಯಿದೆ. ಅದರ ಕೆಳಗೇ ನಿಂತು ಇಡೀ ಓಣಿ ಉದ್ರಿ ಒಯ್ಯುತ್ತದೆ. ಹಲಗೆಯನ್ನು ಓದಿದವರೆಲ್ಲ ಮೆಚ್ಚುತ್ತಾರೆ, ಯಾರಿಗೂ ಅದು ತಮಗೆ ಬರೆದದ್ದು ಅನಿಸಿಲ್ಲ. ಶಾಲೆಯ ಗೋಡೆಯ ನುಡಿಮುತ್ತುಗಳ ಹಣೆಬರಹವೂ ಇದೇ. ಕಾಕಾ ಇದನ್ನು ಬಲ್ಲ. ಅವನು ಹಲಗೆಯನ್ನು ನಂಬಿ ಕೂತಿಲ್ಲ. ಉದ್ರಿ ವಹಿಯ ಪುಟ ತುಂಬಿದ ಗಿರಾಕಿ ಹೊಸ ಮೊಬೈಲ್ ಹಿಡಿದು ಬಂದಾಗ, ತಕ್ಕಡಿಯ ಕಡೆಗೇ ನೋಡುತ್ತ, ‘ಹಾಸಿಗಿ ಇದ್ದಷ್ಟು ಕಾಲು ಚಾಚಬೇಕಂತ, ಹಿರಿಯರು ಸುಮ್ನ ಹೇಳ್ಯಾರೇನು’ ಎನ್ನುತ್ತಾನೆ. ಗಿರಾಕಿಯೂ ಗಾದೆಯ ಮನೆಯವನೇ. ‘ತಾಳಿದವನು ಬಾಳಿಯಾನು ಅಂತಾನೂ ಹೇಳ್ಯಾರ ಕಾಕಾ’ ಎಂದು ಅರ್ಧ ಕಿಲೊ ಸಕ್ಕರೆ ಉದ್ರಿಯಲ್ಲಿ ಬರೆಸಿಯೇ ಹೋಗುತ್ತಾನೆ.

ನೋಡಿ, ಗಾದೆಗಳು ಒಂದಕ್ಕೊಂದು ವಿರುದ್ಧ ಎಂದು ದೂರುವವರಿದ್ದಾರೆ. ಒಂದು ಗಾದೆ ತಾಳು ಎನ್ನುತ್ತದೆ, ಇನ್ನೊಂದು ಆಲಸ್ಯದಿಂದ ಅಮೃತವೂ ವಿಷ ಎನ್ನುತ್ತದೆ, ಯಾವುದನ್ನು ನಂಬಬೇಕು ಎಂದು ಕೇಳುತ್ತಾರೆ. ನಂಬಲಿಕ್ಕೆ ಅವನ್ನು ಮಾಡಿದ್ದರೆ ತಾನೇ? ಜಗಳದಲ್ಲಿ ಎರಡು ಪಕ್ಷವಿರುತ್ತದೆ, ಎರಡಕ್ಕೂ ವಕೀಲರು ಬೇಕು. ಸೂಕ್ತಿಗೆ ಈ ಅನುಕೂಲವಿಲ್ಲ. ಅದು ನ್ಯಾಯಾಧೀಶರ ಕುರ್ಚಿಯಲ್ಲಿ ಒಂಟಿಯಾಗಿ ಕೂತಿದೆ, ಮುಂದೆ ಮೊಕದ್ದಮೆಯೇ ಇಲ್ಲ. ಬಿದರಿ ಹೂದಾನಿಯನ್ನು ನೋಡಿದ್ದೀರಲ್ಲ, ಸತು ತಾಮ್ರದ ಮಿಶ್ರಲೋಹ, ಬೆಳ್ಳಿಯ ಕುಸುರಿ, ಬೀದರ ಕೋಟೆಯ ಮಣ್ಣಿನಿಂದ ಬರಿಸಿದ ಕಪ್ಪು ಹೊಳಪು. ಸೂಕ್ತಿ ಅಂಥದ್ದು. ಅತಿಥಿಗಳಿಗೆ ತೋರಿಸುತ್ತೇವೆ, ಅದರಲ್ಲಿ ನೀರು ತುಂಬಿ ಹೊಲಕ್ಕೆ ಒಯ್ಯುವುದಿಲ್ಲ.

ಇಷ್ಟು ಹೇಳಿ ಸೂಕ್ತಿಯನ್ನು ಪೂರ್ತಿ ಮೂಲೆಗೆ ತಳ್ಳುವ ಧೈರ್ಯ ನನಗಿಲ್ಲ. ಬಸವಕಲ್ಯಾಣ ಇರುವುದು ಇದೇ ಜಿಲ್ಲೆಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸೇರಿದ ಶರಣರು ಆಡುಮಾತಿನಲ್ಲಿಯೇ ವಚನ ಹೇಳಿದರು, ಹೇಳಿದ್ದರ ಕೊನೆಗೆ ಅಂಕಿತವನ್ನೂ ಇಟ್ಟರು. ಯಾರದ್ದೆಂದು ಗುರುತು ಸಿಗದ ಮಾತು ಆಡಲಿಲ್ಲ. ಅಂಬಿಗರ ಚೌಡಯ್ಯನಂತೂ ದೇವರ ಹೆಸರಿನ ಮರೆಯೂ ಬೇಡವೆಂದು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ‘ಹಿರಿಯರು ಹೇಳ್ಯಾರ’ ಎಂದು ಜಾರಿಕೊಳ್ಳುವ ನಮ್ಮ ಗಾದೆಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಜಾತಿಯನ್ನು ಹೀಗಳೆಯುವ, ವಿಧವೆಯನ್ನು ಆಡಿಕೊಳ್ಳುವ, ಹೆಣ್ಣು ಹುಟ್ಟಿದ್ದಕ್ಕೆ ಮುಖ ಸಿಂಡರಿಸುವ ಗಾದೆಗಳು ನಾಲ್ಕೂ ಭಾಷೆಯಲ್ಲಿ ಗಾಡಿಗಟ್ಟಲೆ ಇವೆ. ಒಂದಕ್ಕೂ ಹೊಣೆಗಾರ ಇಲ್ಲ. ಅಪ್ಪನಿಲ್ಲದ ಮಾತಿನ ಅನುಕೂಲ ಸೊಸೆಗೆ ಮಾತ್ರ ಸಿಕ್ಕಿದ್ದರೆ ಚೆನ್ನಾಗಿತ್ತು, ಉಳ್ಳವರು ಅದನ್ನು ಸೊಸೆಗಿಂತ ಮೊದಲೇ ಕಂಡುಕೊಂಡಿದ್ದರು. ಅಂಥ ಗಾದೆಗಳು ಕಟ್ಟೆಯ ಮೇಲೆ ಬಾಯಿಗೆ ಬಂದರೆ ನುಂಗಿಕೊಳ್ಳುವುದೇ ಸರಿ. ಜಾನಪದದ ಪುಸ್ತಕದಲ್ಲಿ ಅವು ಭದ್ರವಾಗಿ ಮಲಗಿರಲಿ.

ಆದರೆ ಅಂಕಿತ ಹಾಕಿದರೂ ಜನ ಬಿಡುತ್ತಾರೆಯೇ? ಕಾಯಕವನ್ನೇ ಕೈಲಾಸ ಮಾಡಿದ ಆ ಪ್ರಸಿದ್ಧ ಮಾತು ಆಯ್ದಕ್ಕಿ ಮಾರಯ್ಯನ ವಚನದಲ್ಲಿರುವುದು. ಪಾಪ, ಊರೂರಿನ ಗೋಡೆಗಳ ಮೇಲೆ ಅದರ ಕೆಳಗೆ ಬಸವಣ್ಣನ ಹೆಸರಿದೆ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಔರಾದದಲ್ಲಿಯೂ ಅಮರೇಶ್ವರನ ಗುಡಿ ಇದೆ, ಜಾತ್ರೆ ಇದೆ. ಹಾಗಾಗಿ ನಮ್ಮ ಕಟ್ಟೆಯ ಮೇಲೆ ಒಬ್ಬರು ಮಾರಯ್ಯನನ್ನು ನಮ್ಮ ತಾಲೂಕಿನವನೇ ಮಾಡಿಬಿಟ್ಟಿದ್ದರು. ಅವನು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದವನು ಎಂದು ನಿವೃತ್ತ ಮಾಸ್ತರರು ತಿದ್ದಿದರೆ, ‘ಇರಲಿ ಬಿಡ್ರಿ ಮಾಸ್ತರ, ಅಕ್ಕಿ ಆಯ್ಲಿಕ್ಕಿ ಇಲ್ಲಿತನ ಬಂದಿರಬೇಕು’ ಎಂಬ ಉತ್ತರ ಬಂತು.

ಮೊಬೈಲ್ ಬಂದ ಮೇಲೆ ಸೂಕ್ತಿಗಳ ಅಪ್ಪಂದಿರ ಗೊಂದಲ ವಿಪರೀತವಾಗಿದೆ. ಬೆಳಗಿನ ವಾಟ್ಸಾಪಿನಲ್ಲಿ ಸೂರ್ಯ, ಕಮಲ, ಚಹಾದ ಕಪ್ಪು, ಅದರ ಮೇಲೊಂದು ವಾಕ್ಯ. ಅದರ ಕೆಳಗೆ ಸೋಮವಾರ ಬುದ್ಧ, ಮಂಗಳವಾರ ವಿವೇಕಾನಂದ, ಬುಧವಾರ ಅಬ್ದುಲ್ ಕಲಾಂ. ವಾಕ್ಯ ಮಾತ್ರ ಮೂರು ದಿನವೂ ಅದೇ. ಕಲಾಂ ಸಾಹೇಬರು ಇಷ್ಟೆಲ್ಲ ಹೇಳುತ್ತ ಕೂತಿದ್ದರೆ ರಾಕೆಟ್ ಹಾರಿಸಲು ಸಮಯ ಎಲ್ಲಿ ಸಿಗುತ್ತಿತ್ತು? ಇದಕ್ಕಿಂತ ಹುಮನಾಬಾದ ಮೇಲೆ ಹಾದು ಹೋಗುವ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಲಾರಿಗಳು ವಾಸಿ. ಹಿಂದೆ ಬರುವವನ ಕೆಟ್ಟ ಕಣ್ಣಿಗೆ ನೇರವಾಗಿ ಮುಖ ಕಪ್ಪಾಗಲಿ ಎಂದು ಬರೆದುಕೊಂಡು ಓಡುತ್ತವೆ. ಯಾರಿಗೆಂದು ಸ್ಪಷ್ಟವಿದೆ. ನನ್ನ ಅಳತೆಯಲ್ಲಿ ಲಾರಿಯ ಬೆನ್ನು ಗಾದೆಯ ಮನೆತನಕ್ಕೆ ಸೇರುತ್ತದೆ.

ಒಡಪಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮದುವೆಯಲ್ಲಿ ಹೊಸಿಲ ಮೇಲೆ ಅಡ್ಡಗಟ್ಟಿ ಹೆಣ್ಣಿನಿಂದ ಗಂಡನ ಹೆಸರು ಹೇಳಿಸುವುದು ನಮ್ಮ ಕಡೆ ಬಿಡದ ಪದ್ಧತಿ, ಮರಾಠಿಯವರ ಉಖಾಣಾ ಇದರ ಅಕ್ಕ ತಂಗಿ. ‘ರೊಟ್ಟಿ ಪುಂಡಿಪಲ್ಯ ಬಡಿಸೀನಿ ತಾಟು ತುಂಬಾ, ಇವರ ಹೆಸರು ಹೇಳ್ತೀನಿ ಕೇಳ್ಲಿ ಎಕಂಬಾ’ ಎಂದು ನಾನೇ ಒಂದನ್ನು ಹೊಸೆದು ಒಬ್ಬ ಮದುಮಗಳಿಗೆ ಕೊಟ್ಟಿದ್ದೆ. ಆಕೆ ಹೇಳಲಿಲ್ಲ. ಅವಳ ಬಳಿ ಇದಕ್ಕಿಂತ ಒಳ್ಳೆಯದಿತ್ತು, ಗಂಡನ ಹೆಸರಿನ ಜೊತೆ ಅತ್ತೆಯ ಜಿಪುಣತನವೂ ಪ್ರಾಸಕ್ಕೆ ಸಿಕ್ಕಿತ್ತು. ಒಡಪು ಹೊಗಳಿಕೆಯ ಸೀರೆಯುಟ್ಟ ಗಾದೆ ಎಂದು ಅವತ್ತು ತಿಳಿಯಿತು.

ಹೊಸ ಗಾದೆ ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ನಿಜಾಮರ ಕಾಲದಲ್ಲಿ ಉರ್ದುವಿನದೇ ಆಡಳಿತ, ಕನ್ನಡ ಕಲಿಸುವುದು ಸುಲಭವಿರಲಿಲ್ಲ. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. 1999ರಲ್ಲಿ ಲಿಂಗೈಕ್ಯರಾದ ಅವರನ್ನು ಈ ಭಾಗದಲ್ಲಿ ನೆನೆಯುವಾಗ ಈ ಸಂಗತಿ ಬಾರದೆ ಇರುವುದಿಲ್ಲ. ಸಭೆಯಲ್ಲಿ ಹೇಳಿದಾಗ ಅದು ಇತಿಹಾಸ. ಕಟ್ಟೆಯ ಮೇಲೆ ನಾನು ಅದನ್ನು ಬೇರೆ ರೂಪದಲ್ಲಿ ಕೇಳಿದ್ದೇನೆ. ಉಪವಾಸವೆಂದು ಊರಿಗೆಲ್ಲ ಸಾರಿ, ಪಾವಟಿಗೆಯ ಹಿಂದೆ ನಿಂತು ಭಜಿ ತಿನ್ನುತ್ತಿದ್ದವನನ್ನು ಕಂಡು ಒಬ್ಬ ಹಿರಿಯ, ‘ಹೊರಗ ಉರ್ದು ಬೋರ್ಡು, ಒಳಗ ಕನ್ನಡ ಸಾಲಿ’ ಎಂದ. ಪಟ್ಟದ್ದೇವರ ಸಾಹಸವನ್ನು ಭಜಿಯ ಮಟ್ಟಕ್ಕೆ ಇಳಿಸಿದ್ದಕ್ಕೆ ಮಾಸ್ತರರಿಗೆ ಸಿಟ್ಟು ಬಂತು, ನನಗೆ ಬರಲಿಲ್ಲ. ಒಬ್ಬರ ಬದುಕು ಜನರ ಬಾಯಲ್ಲಿ ಗಾದೆಯಾಗಿ ತಿರುಗುವುದು ಸಾಮಾನ್ಯ ಮರ್ಯಾದೆಯಲ್ಲ. ಇನ್ನೈವತ್ತು ವರ್ಷಕ್ಕೆ ಯಾವ ಬೋರ್ಡು, ಯಾರ ಶಾಲೆ ಎಂಬುದು ಮರೆತು ಮಾತಷ್ಟೇ ಉಳಿದರೆ ಆಗ ಅದು ಪಕ್ಕಾ ಗಾದೆ. ಅಲ್ಲಿಯವರೆಗೆ ಉಮೇದುವಾರ.

1894ರಲ್ಲಿ ಮಂಗಳೂರಿನಿಂದ ತಮ್ಮ ದೊಡ್ಡ ನಿಘಂಟು ತಂದ ಕಿಟೆಲ್ ಅವರು ಪದಗಳ ಅರ್ಥಕ್ಕೆ ಕವಿಗಳ ಜೊತೆ ಗಾದೆಗಳನ್ನೂ ಸಾಕ್ಷಿಗೆ ಕರೆದರು. ದೊಡ್ಡ ಕೆಲಸ. ಆದರೂ ಅಚ್ಚಿನಲ್ಲಿ ಮಾತು ಸಿಗುತ್ತದೆ, ಟವೆಲ್ ಕೊಡವಿ ಎದ್ದವನು ಸಿಗುವುದಿಲ್ಲ. ಅವನನ್ನು ಹಿಡಿಯುವುದು ಇನ್ನು ಶಾಲೆಯಿಂದಲೇ ಆಗಬೇಕು.

ಆದ್ದರಿಂದ ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರಲ್ಲಿ ಎಕಂಬಾದ ಕಟ್ಟೆಯ ಪರವಾಗಿ ಒಂದು ಅರ್ಜಿ. ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬುದನ್ನು ತೆಗೆದುಹಾಕಿ. ಗಾದೆ ವಿಸ್ತಾರವಾದ ಕೂಡಲೇ ಸಾಯುತ್ತದೆ. ಅದರ ಬದಲು ಹೀಗೆ ಕೇಳಿ: ‘ಈ ಗಾದೆಯನ್ನು ನಿಮ್ಮ ಓಣಿಯಲ್ಲಿ ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುವಿರಿ? ಅವರು ತಿರುಗಿ ಯಾವ ಗಾದೆ ಹೇಳಬಹುದು?’ ಮಕ್ಕಳು ಒಂದು ಪುಟ ಹೆಚ್ಚಿಗೆಯೇ ಬರೆಯುತ್ತಾರೆ, ವೇದವನ್ನು ನಡುವೆ ಎಳೆಯದೆ ಬರೆಯುತ್ತಾರೆ. ನಿಜವಾದ ಹೆಸರು ಬರೆಯಕೂಡದು ಎಂಬ ಸೂಚನೆ ಮಾತ್ರ ದಪ್ಪಕ್ಷರದಲ್ಲಿರಲಿ, ಮೌಲ್ಯಮಾಪಕರು ಅದೇ ಓಣಿಯವರಿರಬಹುದು.